ಮನೆಯೊಳಗೆ ಮಗುವಿಗೊಂದು ನೆಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ನಾವು ಎರಡನ್ನೂ ಮಾಡಿ ನೋಡಿದವರು, ಎರಡರಲ್ಲಿಯೂ ತಪ್ಪಿದವರು. ಮದುವೆಯಲ್ಲಿ ಆದ ತಪ್ಪುಗಳನ್ನು ಬೀಗರು ಮರೆತುಬಿಟ್ಟರು. ಮನೆಯಲ್ಲಿ ಆದ ತಪ್ಪುಗಳು ಮಾತ್ರ ಇಟ್ಟಿಗೆ ಗಾರೆಗಳಾಗಿ ಇಂದಿಗೂ ನಮ್ಮೆದುರು ನಿಂತಿವೆ. ಆದುದರಿಂದಲೇ, ನೆಲಮಂಗಲದಲ್ಲಿ ಮನೆ ಕಟ್ಟಿಸಲು ಹೊರಟ ನಮ್ಮ ಮಗಳು ಎರಡು ವರ್ಷಗಳ ಹಿಂದಿನ ಕಾರ್ತಿಕ ಮಾಸದಲ್ಲಿ ನಕ್ಷೆಯ ಹಾಳೆಯನ್ನು ನಮ್ಮ ಮುಂದೆ ಹರಡಿ, "ಅಪ್ಪಾಜಿ, ಮಕ್ಕಳ ಕೋಣೆ ಹೇಗಿರಬೇಕು ಅಂತ ನೀವೇ ಹೇಳಿ" ಎಂದಾಗ ನಮಗೆ ತಕ್ಷಣ ಉತ್ತರ ತೋಚಲಿಲ್ಲ.

ನಿವೇಶನ ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಸುತ್ತಲೂ ಬಿಡಬೇಕಾದುದನ್ನು ಬಿಟ್ಟು, ಕಾರಿಗೆಂದು ಒಂದಿಷ್ಟು, ಮೆಟ್ಟಿಲಿಗೆಂದು ಒಂದಿಷ್ಟು ಕಳೆದರೆ ಕೆಳಗೆ ಉಳಿಯುವುದು ಒಂದು ಹಜಾರ, ಅಡುಗೆಮನೆ, ಪೂಜೆಗೊಂದು ಮೂಲೆ ಮತ್ತು ಒಂದು ಕೋಣೆ. ಮಹಡಿಯಲ್ಲಿ ಎರಡು ಕೋಣೆಗಳು. ಕೆಳಗಿನ ಆ ಒಂದು ಕೋಣೆ ಯಾರಿಗೆ ಎಂಬುದೇ ಪ್ರಶ್ನೆ. ಏಳು ವರ್ಷದ ಮೊಮ್ಮಗ, ನಾಲ್ಕು ವರ್ಷದ ಮೊಮ್ಮಗಳು ಒಂದು ಕಡೆ. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದ ನಮ್ಮ ಬೀಗಿತಿ ಇನ್ನೊಂದು ಕಡೆ. "ಈ ಕಾಲದಲ್ಲಿ ಮಕ್ಕಳಿಗೆ ಪ್ರತ್ಯೇಕ ಕೋಣೆ ಬೇಕೇ ಬೇಕು, ಆಟದ ಸಾಮಾನೆಲ್ಲ ಅಲ್ಲೇ ಇರಲಿ" ಎಂಬುದು ಅಳಿಯಂದಿರ ವಾದ. "ನನಗೇನು, ಹಜಾರದಲ್ಲೊಂದು ಚಾಪೆ ಸಾಕು" ಎಂದು ಬೀಗಿತಿ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ಮುಖ ಬೇರೆಯದನ್ನೇ ಹೇಳುತ್ತಿತ್ತು.

ಕುಳಿತು ವಾದಿಸುವುದಕ್ಕಿಂತ ನಾಲ್ಕು ಮನೆ ನೋಡಿ ಬರುವುದು ಲೇಸೆಂದು ನಾವು ಸೂಚಿಸಿದೆವು. ಅಳಿಯಂದಿರು ಒಪ್ಪಿ ಕಾರು ತೆಗೆದರು. ನಾವು, ನಮ್ಮ ಮನೆಯವರು, ಜೊತೆಗೆ ಹಟ ಹಿಡಿದು ಹತ್ತಿದ ಮೊಮ್ಮಗ. ಹೀಗೆ ಒಂದು ಶನಿವಾರದ ಬೆಳಿಗ್ಗೆ ನಮ್ಮ ಎರಡು ದಿನದ ಪ್ರವಾಸ ಆರಂಭವಾಯಿತು.

ಬೆಂಗಳೂರು ಗ್ರಾಮಾಂತರ ಜಿಲ್ಲೆ ರೂಪುಗೊಂಡದ್ದು 1986ರಲ್ಲಿ. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಮೇಲೆ ಅದರಲ್ಲಿ ಉಳಿದವು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಎಂಬ ನಾಲ್ಕೇ ತಾಲ್ಲೂಕುಗಳು. ಮಹಾನಗರವನ್ನು ಪಶ್ಚಿಮದಿಂದ ಉತ್ತರಕ್ಕೆ, ಉತ್ತರದಿಂದ ಪೂರ್ವಕ್ಕೆ ಅರ್ಧಚಂದ್ರದಂತೆ ಬಳಸಿರುವ ಈ ನೆಲವನ್ನು ದಾಬಸ್‌ಪೇಟೆಯಿಂದ ಹೊಸಕೋಟೆಯವರೆಗೆ ಒಂದೇ ಹೆದ್ದಾರಿ ಪೋಣಿಸಿದೆ. ಈ ಒಂದು ದಾರಿಯ ಇಕ್ಕೆಲಗಳಲ್ಲಿ ಮೂರು ತಲೆಮಾರಿನ ಮನೆಗಳನ್ನು ಕಾಣಬಹುದು. ಕಾಣುವ ಕಣ್ಣಿಗೆ ಮೂರು ತಲೆಮಾರಿನ ಬಾಲ್ಯಗಳೂ ಕಂಡಾವು.

ಶಿವಗಂಗೆಯ ಬುಡದ ತೊಟ್ಟಿಮನೆ

ಮೊದಲು ಹೋದದ್ದು ನಮ್ಮ ದೊಡ್ಡಪ್ಪನವರ ಮನೆಗೆ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದ ಶಿವಗಂಗೆಯ ಬೆಟ್ಟ ಒಂದೊಂದು ದಿಕ್ಕಿನಿಂದ ಒಂದೊಂದು ರೂಪದಲ್ಲಿ ಕಾಣುವುದೆಂದು, ಪೂರ್ವದಿಂದ ನೋಡಿದರೆ ಮಲಗಿದ ನಂದಿಯೇ ಸರಿಯೆಂದು ನಮ್ಮ ಕಡೆಯವರ ನಂಬಿಕೆ. ಆ ಬೆಟ್ಟದ ನೆರಳು ತಾಗುವ ಹಳ್ಳಿಯಲ್ಲಿ ನಾವು ಹತ್ತು ವರ್ಷ ತುಂಬುವವರೆಗೆ ಬೆಳೆದೆವು. ಗಂಗಾಧರೇಶ್ವರನಿಗೆ ಕೆಳಗಿನಿಂದಲೇ ಕೈಮುಗಿದು ಊರೊಳಗೆ ಹೋದೆವು.

ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ನಾಲ್ಕು ಕಡೆ ಪಡಸಾಲೆ, ಹಲಸಿನ ಮರದ ಕಂಬಗಳು, ಮೇಲೆ ಜಂತೆ, ಅದರ ಮೇಲೆ ನಾಡಹೆಂಚು. ಮೊಮ್ಮಗ ಒಂದು ಸುತ್ತು ಓಡಿ ಬಂದು ಕೇಳಿದ: "ತಾತ, ಇಲ್ಲಿ ನಿನ್ನ ರೂಮು ಯಾವುದು?"

ನಾವು ನಕ್ಕೆವು. ನಮಗೆ ಕೋಣೆಯೆಂಬುದಿರಲಿಲ್ಲ. ಆದರೆ ಜಾಗಗಳಿದ್ದವು. ಬೀದಿಗೆ ಮುಖ ಮಾಡಿದ ಜಗುಲಿಯ ಚಪ್ಪಡಿಯ ಮೇಲೆ ಯಾರೋ ಎಂದೋ ಕೊರೆದ ಚೌಕಾಬಾರದ ಮನೆಗಳು ಇಂದಿಗೂ ಉಳಿದಿದ್ದವು. ನಡುಮನೆಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ನಮ್ಮ ಬುಗುರಿ, ಗೋಲಿ, ಗಜ್ಜುಗದ ಕಾಯಿಗಳು ಇರುತ್ತಿದ್ದವು. ದೊಡ್ಡವರು ಅಲ್ಲಿಗೆ ಕೈಹಾಕುತ್ತಿರಲಿಲ್ಲ. ಮಳೆ ಬಂದರೆ ತೊಟ್ಟಿಯ ಅಂಚಿನಲ್ಲಿ ಕಾಗದದ ದೋಣಿ. ಬಿಸಿಲಾದರೆ ಅಟ್ಟದ ಮೇಲೆ ಹುಣಿಸೆಹಣ್ಣಿನ ಮಡಕೆಗಳ ನಡುವೆ ಅಡಗುವ ಆಟ. ಜಂತೆಯಿಂದ ಇಳಿಬಿಟ್ಟಿದ್ದ ಕಬ್ಬಿಣದ ಕೊಂಡಿಗೆ ನಮ್ಮವ್ವನ ಹಳೆಯ ಸೀರೆಯ ಜೋಲಿ ಕಟ್ಟಿ ನಮ್ಮನ್ನೂ, ನಮ್ಮ ತಮ್ಮಂದಿರನ್ನೂ ತೂಗಿದ್ದರಂತೆ. ಧಾರವಾಡದ ಕಡೆ ಕಲಘಟಗಿಯಲ್ಲಿ ಬಣ್ಣದ ಚಿತ್ರಗಳಿಂದ ತುಂಬಿದ ತೊಟ್ಟಿಲುಗಳನ್ನು ಮಾಡುತ್ತಾರೆ; ಅವು ಸ್ಥಿತಿವಂತರ ಮನೆಗೆ. ನಮ್ಮ ಪಾಲಿಗೆ ಸೀರೆಯೇ ತೊಟ್ಟಿಲು. ಆ ಕೊಂಡಿ ಈಗಲೂ ಅಲ್ಲೇ ಇದೆ.

ಇಷ್ಟನ್ನೂ ನಾವು ಉತ್ಸಾಹದಿಂದ ವರ್ಣಿಸುತ್ತಿರುವಾಗ ನಮ್ಮ ಮನೆಯವರು ಸುಮ್ಮನೆ ಕೇಳುತ್ತಿದ್ದರು. ಕೊನೆಗೆ ಹೇಳಿದರು: "ಜಗುಲಿ ನಿಮಗಿತ್ತು, ಅಟ್ಟ ನಿಮಗಿತ್ತು. ನಮ್ಮ ಮನೆಯಲ್ಲಿ ನಮಗೆ ಇದ್ದದ್ದು ಅಡುಗೆಮನೆ ಹೊಸಿಲು ಒಂದೇ. ಹತ್ತು ವರ್ಷ ಆದ ಮೇಲೆ ಜಗುಲಿ ಮೇಲೆ ಕೂತರೆ ಬೈಗುಳ." ನಾವು ನಿರುತ್ತರರಾದೆವು. ಹಳೆಯದೆಲ್ಲ ಹೊನ್ನೆಂದು ಹಾಡುವುದು ಸುಲಭ. ಆ ಮನೆಯಲ್ಲಿ ಹಗಲಿನಲ್ಲಿಯೂ ಓದಲು ಬೆಳಕು ಸಾಲದಾಗಿತ್ತು. ಒಲೆಯ ಹೊಗೆ ಎಲ್ಲರ ಕಣ್ಣನ್ನೂ ಉರಿಸುತ್ತಿತ್ತು. ಹೆಣ್ಣುಮಕ್ಕಳ ಆಟಕ್ಕೆ ವಯಸ್ಸಿನ ಗಡಿ ಇತ್ತು. ತೊಟ್ಟಿಮನೆಯಿಂದ ನಾವು ತೆಗೆದುಕೊಂಡು ಹೊರಟದ್ದು ಒಂದೇ ಪಾಠ: ಮಗುವಿಗೆ ದೊಡ್ಡ ಕೋಣೆಗಿಂತ, ತನ್ನದೆಂದು ಎಲ್ಲರೂ ಒಪ್ಪಿದ ಒಂದು ಗೂಡು ದೊಡ್ಡದು.

ಇದನ್ನು ಬರೆಯುವಾಗ ಇನ್ನೊಂದು ನೆನಪಾಗುತ್ತದೆ. ಹತ್ತನೆಯ ವಯಸ್ಸಿನಲ್ಲಿ ನಮ್ಮನ್ನು ಮಠವೊಂದರ ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಉದ್ದನೆಯ ಹಜಾರದಲ್ಲಿ ಸಾಲಾಗಿ ಮಲಗುವ ನೂರಾರು ಹುಡುಗರಲ್ಲಿ ಒಬ್ಬೊಬ್ಬನಿಗೂ ಒಂದು ತಗಡಿನ ಟ್ರಂಕು, ಅದಕ್ಕೊಂದು ಬೀಗ. ಮನೆಯ ನೆನಪು ಕಾಡಿದಾಗ ಟ್ರಂಕಿನ ಮುಚ್ಚಳ ತೆಗೆದು, ಅವ್ವ ಮಡಿಸಿಟ್ಟ ಬಟ್ಟೆಯ ವಾಸನೆ ನೋಡಿ ಮತ್ತೆ ಮುಚ್ಚುತ್ತಿದ್ದೆವು. ಒಂದೂವರೆ ಅಡಿ ಅಗಲದ ಆ ಟ್ರಂಕೇ ಅಂದು ನಮ್ಮ ಕೋಣೆಯಾಗಿತ್ತು.

ದೊಡ್ಡಬಳ್ಳಾಪುರ: ಮಗ್ಗದ ಪಕ್ಕದ ರೈಲು

ಮಧ್ಯಾಹ್ನದ ಹೊತ್ತಿಗೆ ದೊಡ್ಡಬಳ್ಳಾಪುರ ತಲಪಿದೆವು. ಊರಿನ ಹಳೆಯ ಬೀದಿಗಳಿಗೆ ಕಾಲಿಟ್ಟೊಡನೆ ಮೊದಲು ಎದುರುಗೊಳ್ಳುವುದು ವಿದ್ಯುತ್ ಮಗ್ಗಗಳ ಸದ್ದು. ಸಾವಿರಾರು ಮಗ್ಗಗಳಿರುವ ಈ ಊರಿನಲ್ಲಿ ಅವುಗಳಲ್ಲಿ ಎಷ್ಟೋ ಮನೆಗಳ ಒಳಗೇ ಓಡುತ್ತವೆ. ನಮ್ಮ ನೆಂಟರ ಪರಿಚಯದ ಮನೆಯೊಂದಕ್ಕೆ ಹೋದೆವು. ಗಂಡಹೆಂಡಿರಿಬ್ಬರೂ ನೇಯುವವರು. ಮನೆಯ ದೊಡ್ಡ ಕೋಣೆ ಎರಡು ಮಗ್ಗಗಳಿಗೆ. ಉಳಿದ ಸಣ್ಣ ಜಾಗದಲ್ಲಿ ಅಡುಗೆ, ಊಟ, ನಿದ್ರೆ, ಮಕ್ಕಳ ಓದು ಎಲ್ಲವೂ. ಕಾಯಕವೇ ಮನೆಯ ಯಜಮಾನನಾಗಿರುವಲ್ಲಿ ಮಕ್ಕಳ ಕೋಣೆಯ ಮಾತೆಲ್ಲಿ ಬಂತು ಎಂದುಕೊಂಡೆವು.

ಆದರೆ ಆ ತಾಯಿ ಅದಕ್ಕೂ ದಾರಿ ಮಾಡಿದ್ದರು. ಮಗ್ಗದ ಕೋಣೆಗೂ ಪಕ್ಕದ ಜಾಗಕ್ಕೂ ನಡುವೆ ಎದೆಯೆತ್ತರದ ಹಲಗೆಯ ತಡೆ. ಮಗ್ಗದ ಚಕ್ರ, ಬೆಲ್ಟುಗಳ ಕಡೆಗೆ ಮಗು ನುಸುಳದಂತೆ ಅದರ ಚಿಲಕವನ್ನು ದೊಡ್ಡವರ ಕಡೆ, ಮೇಲುಭಾಗದಲ್ಲಿ ಇಟ್ಟಿದ್ದರು. ತಡೆಯಾಚೆ, ತಾಯಿ ತಲೆಯೆತ್ತಿದರೆ ಕಾಣುವಂತೆ, ನಾಲ್ಕು ಅಡಿಗೆ ಆರು ಅಡಿಯ ಮೂಲೆ. ಅಲ್ಲಿ ಸುಮಾರು ಆರು ವರ್ಷದ ಅವರ ಮಗ ಖಾಲಿ ಕಂಡಿಕೆಗಳನ್ನು ಒಂದರ ಹಿಂದೊಂದು ಜೋಡಿಸಿ ರೈಲು ಮಾಡಿದ್ದ. ಹಳೆಯ ಲಾಳಿಯೊಂದು ಇಂಜಿನ್ನು. ಬಣ್ಣಬಣ್ಣದ ನೂಲಿನ ತುಂಡುಗಳು ಹಳಿಗಳು. ನಮ್ಮ ಮೊಮ್ಮಗ ಚಪ್ಪಲಿ ಬಿಟ್ಟವನೇ ಆ ರೈಲಿನ ಪಕ್ಕ ಕುಳಿತ, ಮತ್ತೆ ಏಳಲಿಲ್ಲ.

"ಇದನ್ನು ದಿನಾ ತೆಗೆದಿಡಿಸೋದಿಲ್ಲವೇನಮ್ಮ?" ಎಂದು ನಮ್ಮ ಮನೆಯವರು ಕೇಳಿದರು.

ಆಕೆ ಮಗ್ಗ ನಿಲ್ಲಿಸಿ ಹೇಳಿದರು: "ಸೀರೆ ಅರ್ಧ ಆಗಿರುತ್ತೆ ಅಂತ ರಾತ್ರಿ ಹಾಸು ಕಿತ್ತು ಹಾಕ್ತೀವಾ ಅಕ್ಕಾ? ಅವನದೂ ಹಂಗೇ. ಮುಗಿಸಿದ ಮೇಲೆ ಅವನೇ ಎತ್ತಿಡ್ತಾನೆ."

ಶಾಲೆ ಕಾಲೇಜುಗಳ ವಿದ್ವಾಂಸರು ಬರೆಯುವ ಶಿಶುಶಿಕ್ಷಣದ ಹೊತ್ತಗೆಗಳಲ್ಲಿ ಇದಕ್ಕಿಂತ ನೇರವಾದ ಮಾತನ್ನು ನಾವು ಕಂಡಿಲ್ಲ. ನೇಕಾರನ ಅರ್ಧ ನೇಯ್ದ ಸೀರೆಯನ್ನು ಗೌರವಿಸುವ ನಾವು, ಮಗುವಿನ ಅರ್ಧ ಕಟ್ಟಿದ ಮನೆಯನ್ನು ಕಸವೆಂದು ಗುಡಿಸುತ್ತೇವೆ. ದೊಡ್ಡವರಿಗೆ ಕೆಲಸ ಹೇಗೋ ಮಗುವಿಗೆ ಆಟ ಹಾಗೆ. ಇಂದು ಮನಸ್ಸಿನಲ್ಲಿ ಮೂಡಿದ್ದನ್ನು ನಾಳೆ ಮುಂದುವರಿಸಲು ಆಸ್ಪದವಿದ್ದರೆ ಮಾತ್ರ ಅದಕ್ಕೆ ಒಂದು ಕೆಲಸವನ್ನು ಕೊನೆ ಮುಟ್ಟಿಸುವ ಅಭ್ಯಾಸ ಬರುತ್ತದೆ.

ಹಾಗೆಂದು ಆ ಮನೆಯ ಕಷ್ಟವನ್ನು ಮರೆಮಾಚಲಾಗದು. ದಿನವಿಡೀ ಮಗ್ಗದ ಸದ್ದಿನಲ್ಲಿರುವುದು ಕಿವಿಗೆ ಹಾನಿ. ಸದ್ದು ನಿಂತ ಮೇಲೆ ರಾತ್ರಿಯಲ್ಲೇ ಹಿರಿಯ ಮಗಳು ಓದಿಗೆ ಕುಳಿತುಕೊಳ್ಳಬೇಕು. ದುಡಿಯುವ ತಾಯಿಯ ಮಗು ಹಗಲಿನಲ್ಲಿ ಎಲ್ಲಿರಬೇಕು ಎಂಬ ಪ್ರಶ್ನೆ ಇಲ್ಲಿನದಷ್ಟೇ ಅಲ್ಲ. ಇಟಲಿಯ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತಂದೆತಾಯಿಗಳು ದುಡಿಯಲು ಹೋದಾಗ ಮಕ್ಕಳು ವಠಾರದ ಗೋಡೆ ಮೆಟ್ಟಿಲುಗಳನ್ನು ಹಾಳುಮಾಡುವರೆಂದು, ಅವರನ್ನು ಒಂದೆಡೆ ಕೂಡಿಸಲು ಕಟ್ಟಡದವರು ಅದೇ ವಠಾರದಲ್ಲಿ ಜಾಗ ಕೊಟ್ಟರು. ಅದರ ಹೊಣೆ ಹೊತ್ತವರು ವೈದ್ಯೆ ಮರಿಯಾ ಮಾಂಟೆಸ್ಸೊರಿ. 1907ರ ಜನವರಿ 6ರಂದು ತೆರೆದ ಆ ಜಾಗಕ್ಕೆ ಇಟ್ಟ ಹೆಸರಿನ ಅರ್ಥ 'ಮಕ್ಕಳ ಮನೆ'. ಮಗುವೇ ಎತ್ತಿಡಬಲ್ಲ ಹಗುರ ಕುರ್ಚಿ, ಮಗುವಿನ ಕೈಗೆಟಕುವ ಗಿಡ್ಡ ಕಪಾಟು ಇವು ಅಲ್ಲಿಂದ ಲೋಕಕ್ಕೆಲ್ಲ ಹರಡಿದವು. ಆಕೆ 1939ರಲ್ಲಿ ಭಾರತಕ್ಕೆ ಬಂದು, ಮಹಾಯುದ್ಧದ ಕಾರಣ 1946ರವರೆಗೆ ಇಲ್ಲಿಯೇ ಉಳಿದು ನಮ್ಮ ಶಿಕ್ಷಕರನ್ನು ತರಬೇತುಗೊಳಿಸಿದರು.

ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆ ಊರೂರಿಗೆ ಅಂಗನವಾಡಿಯನ್ನು ತಂದಿತು. ಕರ್ನಾಟಕದಲ್ಲಿ ಅದು ಮೊದಲಾದದ್ದು ತಿ. ನರಸೀಪುರದಲ್ಲಿ. ಅಂಗಳವೆಂಬ ಅರ್ಥವೇ ಆ ಹೆಸರಿನಲ್ಲಿದೆ. 2023ರ ನಂತರ ಗ್ರಾಮ ಪಂಚಾಯಿತಿಗಳು ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ 'ಕೂಸಿನ ಮನೆ'ಗಳನ್ನು ತೆರೆದಿವೆ. ರೋಮಿನ ಮಕ್ಕಳ ಮನೆಗೂ ನಮ್ಮ ಹಳ್ಳಿಯ ಕೂಸಿನ ಮನೆಗೂ ಹೆಸರು ಹೊಂದಿಕೊಂಡದ್ದು ಆಕಸ್ಮಿಕವಿರಬಹುದು. ಹಿಂದಿರುವ ಅಗತ್ಯ ಒಂದೇ.

ದೇವನಹಳ್ಳಿ: ಮುಟ್ಟಬಾರದ ಕೋಣೆ

ರಾತ್ರಿ ದೊಡ್ಡಬಳ್ಳಾಪುರದ ನೆಂಟರಲ್ಲಿ ತಂಗಿ, ಭಾನುವಾರ ಬೆಳಿಗ್ಗೆ ದೇವನಹಳ್ಳಿಗೆ ಹೊರಟೆವು. 2008ರ ಮೇ ತಿಂಗಳಿನಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ತಾಲ್ಲೂಕಿನ ಮುಖವೇ ಬದಲಾಯಿತು. ಚಕ್ಕೋತ, ದ್ರಾಕ್ಷಿ ಬೆಳೆಯುತ್ತಿದ್ದ ಹೊಲಗಳ ಬದಿಯಲ್ಲಿ ಬಡಾವಣೆಗಳ ಕಮಾನುಗಳೆದ್ದಿವೆ. ಅಳಿಯಂದಿರು ಅಂತಹದೊಂದು ಬಡಾವಣೆಯ ಮಾದರಿ ಮನೆಯನ್ನು ನೋಡಲೇಬೇಕೆಂದರು.

ಮಹಡಿಯ ಮಕ್ಕಳ ಕೋಣೆ ನಿಜಕ್ಕೂ ಚಿತ್ತಾಕರ್ಷಕವಾಗಿತ್ತು. ಓಟದ ಕಾರಿನ ಆಕಾರದ ಮಂಚ. ದೀಪ ಆರಿಸಿದರೆ ಮಿನುಗುವ ನಕ್ಷತ್ರಗಳ ಸೂರು. ಗೋಡೆಯುದ್ದಕ್ಕೂ ಸೂರಿನವರೆಗೆ ಕಪಾಟು. ಅದರಲ್ಲಿ ಅಳತೆಯಿಟ್ಟು ಜೋಡಿಸಿದ ಬೊಂಬೆಗಳು. ಮೊಮ್ಮಗ ಓಡಿಹೋಗಿ ಕಾರಿನ ಮಂಚಕ್ಕೆ ಹತ್ತಿದ. ಮನೆ ತೋರಿಸುತ್ತಿದ್ದ ಹುಡುಗಿ ಮೆತ್ತಗೆ, "ಮುಟ್ಟಬಾರದು ಪುಟ್ಟ, ಡಿಸ್‌ಪ್ಲೇಗೆ ಇಟ್ಟಿರೋದು" ಎಂದಳು. ಆಕೆಯ ಮೇಲೆ ದೋಷ ಹೊರಿಸಲಾಗದು; ಅದು ಆಕೆಯ ಕೆಲಸ. ಆದರೂ ಮಕ್ಕಳ ಕೋಣೆಯೊಳಗೆ ಮಗುವೊಂದು ಕೈಕಟ್ಟಿ ನಿಂತ ಆ ನೋಟ ನಮ್ಮನ್ನು ಚುಚ್ಚಿತು. ಏಕೆಂದರೆ ಅಂತಹ ಕೋಣೆಯನ್ನು ನಾವೂ ಕಟ್ಟಿದ್ದೆವು.

1994ರಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದಾಗ, ನಾಲ್ಕು ಜನ ಬಂದರೆ ಕಾಣಲೆಂದು ಹಜಾರದಲ್ಲೊಂದು ಗಾಜಿನ ಷೋಕೇಸು ಮಾಡಿಸಿದೆವು. ಮಕ್ಕಳಿಗೆ ಉಡುಗೊರೆಯಾಗಿ ಬಂದ ಆಟಿಕೆಗಳೆಲ್ಲ ಅದರೊಳಗೆ. ಬೀಗದ ಕೈ ನಮ್ಮ ಜೇಬಿನಲ್ಲಿ. ಆಗ ಆರು ವರ್ಷದವಳಾಗಿದ್ದ ಮಗಳು ಒಮ್ಮೆ ಶಿವಗಂಗೆಯ ಜಾತ್ರೆಯಿಂದ ಬಂದವಳು, ಪಡಸಾಲೆಯ ಹೊಸ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ತೇರು ಬರೆದಳು. ತೇರಿನ ಹಿಂದೆ ಎತ್ತಿನ ಗಾಡಿಗಳು, ಗಾಡಿಗಳ ಹಿಂದೆ ಜನ, ಜನರ ಹಿಂದೆ ನಾಯಿ. ಒಂದು ಗೋಡೆ ಪೂರ್ತಿ. ಗೌರಿಹಬ್ಬಕ್ಕೆ ಬೀಗರು ಬರುವವರಿದ್ದರು. ನಾವು ಅವಳ ಕಿವಿ ಹಿಂಡಿ, ಅಂದೇ ಆಳು ಕರೆಸಿ ಸುಣ್ಣ ಬಳಿಸಿದೆವು. ಅವಳ ಎದುರಿನಲ್ಲೇ ಬಳಿಸಿದೆವು. ಆ ಬಳಿಕ ಅವಳು ಗೋಡೆಯ ಮೇಲೆ ಬರೆಯಲಿಲ್ಲ. ಹಾಳೆಯ ಮೇಲೂ ಬರೆದುದನ್ನು ನಾವು ಕಾಣಲಿಲ್ಲ. ಶಿಸ್ತು ಬಂತೆಂದು ಅಂದು ಬೀಗಿದೆವು. ಹೋದದ್ದೇನೆಂದು ಬಹುಕಾಲದ ಮೇಲೆ ತಿಳಿಯಿತು.

ಮಾದರಿ ಮನೆಯಿಂದ ಇಳಿದು ದೇವನಹಳ್ಳಿಯ ಕೋಟೆಗೆ ಹೋದೆವು. ಕೋಟೆಯ ಗೋಡೆಗಳ ಒಳಗೆ ಇಂದಿಗೂ ಜನವಸತಿ ಇದೆ. ವೇಣುಗೋಪಾಲಸ್ವಾಮಿಯ ಗುಡಿಯ ಬೀದಿಯಲ್ಲಿ ಹುಡುಗರು ಹಲಗೆಯ ಬ್ಯಾಟು ಹಿಡಿದು ಆಡುತ್ತಿದ್ದರು. ಮೊಮ್ಮಗನನ್ನು ಯಾರೂ ಹೆಸರು ಕೇಳಲಿಲ್ಲ. "ಬಾರೋ, ಫೀಲ್ಡಿಂಗು" ಎಂದು ಸೇರಿಸಿಕೊಂಡರು. ಅರ್ಧ ಗಂಟೆಯ ನಂತರ ಅವನನ್ನು ಕರೆದೊಯ್ಯುವುದೇ ಕಷ್ಟವಾಯಿತು. ಎಷ್ಟೇ ಒಳ್ಳೆಯ ಕೋಣೆಯಾಗಲಿ, ಹೊರಗಿನ ಬಯಲಿಗೆ ಅದು ಬದಲಿಯಾಗದು. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ ಮೂರು ಗಂಟೆ ಓಡಾಡಿ ಆಡಬೇಕು, ದೂರದರ್ಶನ ಮೊಬೈಲುಗಳ ಪರದೆಯ ಮುಂದೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಲ್ಲಿ ದೂರದ್ದು ಮಂಜಾಗಿ ಕಾಣುವ ದೃಷ್ಟಿದೋಷ ಕಡಿಮೆಯೆಂದು ಕಣ್ಣಿನ ವೈದ್ಯರೂ ಹೇಳುತ್ತಾರೆ.

ಹೊಸಕೋಟೆ: ಮೆಟ್ಟಿಲ ಕೆಳಗಿನ ಲೋಕ

ಸೂಲಿಬೆಲೆಯ ಮಾರ್ಗವಾಗಿ ಹೊಸಕೋಟೆಗೆ ಬಂದಾಗ ಮೂರು ಗಂಟೆ. ಕೆರೆಯ ಏರಿಯ ಗಾಳಿ ಹಿತವಾಗಿತ್ತು. ನಮ್ಮ ತಂಗಿಯ ಮಗಳು ಮತ್ತು ಆಕೆಯ ಪತಿ ಇಬ್ಬರೂ ಶಿಕ್ಷಕರು. ಅವರದೂ ಮೂವತ್ತು ನಲವತ್ತರ ಮನೆಯೇ. ಇಬ್ಬರು ಮಕ್ಕಳು, ಜೊತೆಯಲ್ಲಿ ಅತ್ತೆಮಾವ. ನಮ್ಮ ಸಮಸ್ಯೆಗೆ ಹತ್ತಿರದ ಮನೆಯೆಂದು ಕಡೆಗೆ ಉಳಿಸಿಕೊಂಡಿದ್ದೆವು.

ಆ ಮನೆಯಲ್ಲಿ ದುಬಾರಿಯದೇನೂ ಇರಲಿಲ್ಲ. ಮೆಟ್ಟಿಲ ಕೆಳಗಿನ, ಸಾಮಾನ್ಯವಾಗಿ ಹಳೆಯ ಸಾಮಾನು ತುಂಬುವ ಜಾಗವನ್ನು ಕಿರಿಯ ಮಗನಿಗೆ ಬಿಟ್ಟಿದ್ದರು. ಬಾಗಿಲಿನ ಬದಲು ಒಂದು ಪರದೆ. ಒಳಗೊಂದು ಜಮಖಾನ, ಒಂದು ದೀಪ. ಅದು ಅಡುಗೆಮನೆಯ ಎದುರಿಗೇ ಇರುವುದರಿಂದ ತಾಯಿಯ ದನಿ ಅವನಿಗೆ, ಅವನ ದನಿ ತಾಯಿಗೆ ಕೇಳುತ್ತದೆ. ಮೇಲಿನ ಕೋಣೆಯ ಒಂದು ಗೋಡೆಗೆ ನೆಲದಿಂದ ನಾಲ್ಕು ಅಡಿಯವರೆಗೆ ಶಾಲೆಯ ಕಪ್ಪುಹಲಗೆಗೆ ಹಚ್ಚುವ ಬಣ್ಣವನ್ನೇ ಹಚ್ಚಿ, ಪಕ್ಕದಲ್ಲಿ ಸೀಮೆಸುಣ್ಣದ ಡಬ್ಬಿ ಇಟ್ಟಿದ್ದರು. ಆಟಿಕೆಗೆ ಎರಡಡಿ ಎತ್ತರದ ತೆರೆದ ಕಪಾಟು. ಚೀಲ, ಸ್ವೆಟರು ಸಿಕ್ಕಿಸಲು ಮೂರಡಿ ಎತ್ತರದಲ್ಲಿ ಗೂಟಗಳು. "ಎತ್ತಿಡು ಅಂತ ಮಕ್ಕಳಿಗೆ ಹೇಳ್ತೀವಿ ದೊಡ್ಡಪ್ಪ, ಎತ್ತಿಡೋ ಜಾಗ ನಮ್ಮ ತಲೆ ಮೇಲಿರುತ್ತೆ" ಎಂದು ಆಕೆ ನಕ್ಕಳು. ಎಲ್ಲ ಆಟಿಕೆಗಳನ್ನೂ ಒಮ್ಮೆಗೇ ಹರಡದೆ, ಅರ್ಧವನ್ನು ಪೆಟ್ಟಿಗೆಯಲ್ಲಿಟ್ಟು ತಿಂಗಳಿಗೊಮ್ಮೆ ಬದಲಿಸುತ್ತಾಳಂತೆ. ಹಳೆಯ ಬೊಂಬೆಯೂ ಹೊಸದಾಗಿ ಮರಳುತ್ತದೆ.

ಆಕೆ ಮತ್ತು ಆಕೆಯ ಪತಿ ವಿಚಾರಿಸಿ ತಿಳಿದುಕೊಂಡ ಕೆಲವು ಸಂಗತಿಗಳು ಮನೆ ಕಟ್ಟಿಸುವ ನಮ್ಮ ಓದುಗ ಬಂಧುಗಳಿಗೂ ಉಪಯುಕ್ತವಾದಾವೆಂದು ಇಲ್ಲಿ ಹೇಳುತ್ತೇವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆ ಒಂದೇ ಆದಲ್ಲಿ 9.5 ಚದರ ಮೀಟರಿಗೆ, ಎಂದರೆ ಸುಮಾರು 102 ಚದರ ಅಡಿಗೆ ಕಡಿಮೆ ಇರಬಾರದು. ಎರಡಿದ್ದಲ್ಲಿ ಇನ್ನೊಂದು 7.5 ಚದರ ಮೀಟರ್ ಇದ್ದರೆ ಸಾಕು. ಮಕ್ಕಳ ಕೋಣೆ ಅಷ್ಟು ಚಿಕ್ಕದಾದರೂ ಬಾಧಕವಿಲ್ಲ, ಗಾಳಿ ಬೆಳಕಿನ ಕಿಟಕಿಯಿರಲಿ. ಕಿಟಕಿಯ ಸರಳುಗಳ ನಡುವೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ಅಂತರ ಬೇಡ. ಕಿಟಕಿಯ ಕೆಳಗೆ ಮಂಚ, ಮೇಜುಗಳನ್ನಿಟ್ಟರೆ ಅದೇ ಏಣಿಯಾದೀತು. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಲಿ. ಎತ್ತರದ ಬೀರುವನ್ನು ಗೋಡೆಗೆ ಬಿಗಿಯಬೇಕು. ಮಗು ಅದರ ಖಾನೆಗಳಿಗೆ ಕಾಲಿಟ್ಟು ಹತ್ತಿದಾಗ ಅದು ಮೈಮೇಲೆ ಬಿದ್ದ ಅನಾಹುತಗಳು ಲೋಕದಲ್ಲೆಲ್ಲ ನಡೆದಿವೆ. ಮಂಚದ ಮೇಲೊಂದು ಮಂಚವಿರುವ ಮಾದರಿಯಾದರೆ, ಆರು ವರ್ಷ ತುಂಬದ ಮಗುವನ್ನು ಮೇಲೆ ಮಲಗಿಸಬಾರದು.

ಬಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಣ್ಣದಲ್ಲಿನ ಸೀಸ ಎಳೆಯ ಮಕ್ಕಳ ಮಿದುಳಿಗೆ ವಿಷ. 2017ರ ನವೆಂಬರ್‌ನಿಂದ ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಬಾರದೆಂದು ನಿಯಮವಿದೆ; ಡಬ್ಬಿಯ ಮೇಲಿನ ಬರಹ ನೋಡಿ ಕೊಳ್ಳಬೇಕು. ಹಳೆಯ ಮನೆಯ ಬಾಗಿಲು ಕಿಟಕಿಗಳ ಬಣ್ಣ ಉಜ್ಜಿ ತೆಗೆಯುವಾಗ ಮಕ್ಕಳನ್ನು ದೂರವಿಡಬೇಕು. ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ನಮ್ಮ ಚನ್ನಪಟ್ಟಣದ ಬೊಂಬೆ, ಬುಗುರಿ, ಗಿಲಕಿಗಳಿರುವಾಗ ದೂರ ಹುಡುಕಬೇಕಾಗಿಯೂ ಇಲ್ಲ. ಇನ್ನು ಪುಸ್ತಕ. ಎಲ್ಲವನ್ನೂ ಕೊಳ್ಳಲಾರದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಹುಡುಗ ಹುಡುಗಿ ಒಂದೇ ಕೋಣೆಯಲ್ಲಿ ಎಷ್ಟು ಕಾಲ ಇರಬಹುದೆಂದು ಅಳಿಯಂದಿರು ಕೇಳಿದರು. "ಹತ್ತು ಹನ್ನೆರಡರ ಹೊತ್ತಿಗೆ ಅವರೇ ಕೇಳ್ತಾರೆ. ಕೇಳಿದ ದಿನ ಕೊಡೋಕೆ ಒಂದು ಜಾಗ ಇಟ್ಟುಕೊಂಡಿರಬೇಕು ಅಷ್ಟೆ" ಎಂದಳು ಆಕೆ.

ಮರಳಿದ ಮೇಲೆ

ಹೊಸಕೋಟೆಯಿಂದ ನೆಲಮಂಗಲಕ್ಕೆ ಹಿಂದಿರುಗುವ ದಾರಿಯಲ್ಲಿ ಕತ್ತಲಾಯಿತು. ಎರಡು ದಿನವೂ ಮಕ್ಕಳ ಕೋಣೆಯ ಬಗೆಗೆ ಎಲ್ಲರನ್ನೂ ವಿಚಾರಿಸಿದ ನಾವು, ಮಗುವನ್ನು ಮಾತ್ರ ಕೇಳಿರಲಿಲ್ಲ. "ನಿನಗೆ ಯಾವ ಮನೆ ಹಿಡಿಸಿತಪ್ಪ?" ಎಂದೆವು. ಕಾರಿನ ಮಂಚ ಎನ್ನುವನೆಂದು ಅಳಿಯಂದಿರೂ ನಿರೀಕ್ಷಿಸಿದ್ದರು.

"ಮಗ್ಗದ ಮನೆ ತಾತ. ಅವನ ರೈಲು ನಿನ್ನೆಯಿಂದ ಅಲ್ಲೇ ಇತ್ತಂತೆ. ಯಾರೂ ತೆಗಿ ಅನ್ನಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಅವರಮ್ಮನೂ ಅಲ್ಲೇ ಇದ್ರು" ಎಂದ.

ಅಂದು ರಾತ್ರಿ ನಕ್ಷೆಯ ಹಾಳೆ ಮತ್ತೆ ಹರಡಿತು. ಕೆಳಗಿನ ಕೋಣೆ ಬೀಗಿತಿಯವರಿಗೆ ಎಂದು ನಿರ್ಧಾರವಾಯಿತು. ಆ ಕೋಣೆಗೂ ಹಜಾರಕ್ಕೂ ನಡುವಿನ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಜಾಗವನ್ನೂ ಸೇರಿಸಿ, ಆರು ಅಡಿಗೆ ಎಂಟು ಅಡಿಯಷ್ಟನ್ನು ಮಕ್ಕಳಿಗೆ ಬಿಡಲಾಯಿತು. ನಡುವೆ ಪೂರ್ತಿ ಗೋಡೆಯ ಬದಲು ಎದೆಯೆತ್ತರದ ಗೋಡೆ. ಅಜ್ಜಿ ಮಂಚದ ಮೇಲಿಂದ ನೋಡಿದರೆ ಮಕ್ಕಳು ಕಾಣಬೇಕು. ಮಹಡಿಯ ಎರಡನೆಯ ಕೋಣೆ ಮಕ್ಕಳು ದೊಡ್ಡವರಾದ ಮೇಲೆ ಓದಿಗೆ. ಬೀಗಿತಿಯವರು ಒಂದೇ ಷರತ್ತು ಹಾಕಿದರು: "ಬೆಳಿಗ್ಗೆ ನನ್ನ ಲಿಂಗಪೂಜೆ ಹೊತ್ತಿಗೆ ಆ ಕಡೆಯಿಂದ ಸದ್ದು ಬರಬಾರದು." ಮೊಮ್ಮಗ ಒಪ್ಪಿಕೊಂಡ. ನಾಲ್ಕು ವರ್ಷದ ಮೊಮ್ಮಗಳು, "ಅಜ್ಜಿ, ನಾನು ಪೂಜೇಲಿ ನಿನ್ನ ಪಕ್ಕ ಕೂತ್ಕೋತೀನಿ" ಎಂದಳು. ಈಗ ಕೆಲವು ದಿನ ಕೂರುತ್ತಾಳೆ. ಕೆಲವು ದಿನ ಷರತ್ತು ಮುರಿದು ಅಜ್ಜಿಯಿಂದ ಗದರಿಸಿಕೊಳ್ಳುತ್ತಾಳೆ. ಒಟ್ಟಿಗೆ ಬಾಳುವ ಮನೆಯಲ್ಲಿ ಇಷ್ಟು ಗದ್ದಲ ಇರತಕ್ಕದ್ದೇ.

ಈ ವರ್ಷದ ವೈಶಾಖದಲ್ಲಿ ಗೃಹಪ್ರವೇಶವಾಯಿತು. ಗುರುಗಳ ಪಾದಪೂಜೆ, ದಾಸೋಹ ಎಲ್ಲವೂ ಸಾಂಗವಾಗಿ ನೆರವೇರಿದವು. ಸಂಜೆ ನೆಂಟರೆಲ್ಲ ಹೊರಟ ಮೇಲೆ ಹಜಾರದಲ್ಲಿ ಕುಳಿತಿದ್ದ ನಮ್ಮ ಕಣ್ಣಿಗೆ ಹೊಸ ಗೋಡೆಯ ಮೇಲೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಒಂದು ನೀಲಿ ಗೆರೆ ಬಿತ್ತು. ಅದು ಬಾಗಿಲಿನಿಂದ ಹೊರಟು ಕಿಟಕಿಯವರೆಗೆ ಹೋಗಿತ್ತು. ಮಕ್ಕಳಿಗೆಂದು ಬಿಟ್ಟ ಕಪ್ಪು ಗೋಡೆಯ ಮೇಲೆ ಅಲ್ಲ. ಹಜಾರದ ಬಿಳಿಯ ಗೋಡೆಯ ಮೇಲೆಯೇ. ಬೀಗಿತಿಯವರೂ ನೋಡಿದರು. ಒದ್ದೆ ಬಟ್ಟೆ ತರಲು ಎದ್ದರು.

"ಇರಲಿ ಬಿಡಿ ಅತ್ತೆ" ಎಂದಳು ಮಗಳು. "ಅದೇನು ಅಂತ ಮೊದಲು ಕೇಳೋಣ."

ಮೊಮ್ಮಗಳನ್ನು ಕರೆದು ಕೇಳಿದೆವು. ಅದು ರಸ್ತೆಯಂತೆ. ಇನ್ನೂ ಮುಗಿದಿಲ್ಲವಂತೆ, ನಾಳೆ ಅದರ ಮೇಲೆ ಬಸ್ಸು ಬರುವುದಂತೆ. ಮುಂದಿನ ಬಸ್ಸುಗಳನ್ನು ಕಪ್ಪು ಗೋಡೆಯ ಮೇಲೆ ಓಡಿಸುವುದೆಂದೂ, ಈ ರಸ್ತೆ ಹೀಗೆಯೇ ಇರುವುದೆಂದೂ ತಾಯಿಮಗಳು ಒಪ್ಪಂದ ಮಾಡಿಕೊಂಡರು. ಮಗಳು ನಮ್ಮ ಕಡೆ ನೋಡಲಿಲ್ಲ. ಮೂವತ್ತು ವರ್ಷಗಳ ಹಿಂದಿನ ತೇರು ಅವಳಿಗೆ ನೆನಪಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ನಮಗೂ ಬರಲಿಲ್ಲ.

ಮನೆ ಕಟ್ಟಿಸುವ, ಕಟ್ಟಿಸಲಿರುವ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಪೂಜೆಗೆ ಈಶಾನ್ಯ, ಅಡುಗೆಗೆ ಆಗ್ನೇಯವೆಂದು ಅಂಗುಲ ಅಂಗುಲ ಅಳೆದು ನಿಶ್ಚಯಿಸುವಾಗ, ಅರ್ಧಕ್ಕೆ ನಿಂತ ಆಟವೊಂದು ಬೆಳಗಾಗುವವರೆಗೆ ಯಾರ ಕಾಲಿಗೂ ಪೊರಕೆಗೂ ಸಿಗದೆ ಉಳಿಯಲು ಎಲ್ಲಿ ಜಾಗವಿದೆಯೆಂದು ಒಮ್ಮೆ ನೋಡಿ. ಆ ಜಾಗ ಮನೆಯ ಹಿರಿಯರ ದನಿಗೆ ಹತ್ತಿರವಿರಲಿ. ನಕ್ಷೆಗೆ ಒಪ್ಪಿಗೆ ಹಾಕುವ ಮುನ್ನ ಮಗುವನ್ನೂ ಒಂದು ಮಾತು ಕೇಳಿ. ನಾವು ಕೇಳಲಿಲ್ಲ, ನೀವಾದರೂ ಕೇಳಿ.